ಮದುಮಗಳ ಒಸಡು

ಹಲ್ಲಿನ ಡಾಕ್ಟರಿಗೆ ಹೆದರಿದ ರೋಗಿಯ ಕಥೆ ಪ್ರತಿ ಮನೆಯಲ್ಲೂ ಒಂದಿರುತ್ತದೆ. ರೋಗಿಯ ಬಾಯಿ ನೋಡಿ ಹೆದರಿದ ಡಾಕ್ಟರ ಕಥೆಯನ್ನು ಮಾತ್ರ ಯಾರೂ ಹೇಳುವುದಿಲ್ಲ. ಹೇಳಿದರೆ ಆಮೇಲೆ ಕುರ್ಚಿ ಖಾಲಿ ಬೀಳುತ್ತದೆ. ನಾನು ಹುಟ್ಟಾ ಪುಕ್ಕಲಿ. ಹಲ್ಲಿ ಲೊಚಗುಟ್ಟಿದರೂ ಬೆಚ್ಚುವ ನೀನು ಒಸಡು ಕೊಯ್ಯುವ ವಿದ್ಯೆಯನ್ನೇ ಯಾಕೆ ಆರಿಸಿಕೊಂಡೆ ಎಂದು ಹರಪನಹಳ್ಳಿಯಲ್ಲಿರುವ ಅಕ್ಕ ಇವತ್ತಿಗೂ ಆಡಿಕೊಳ್ಳುತ್ತಾಳೆ. ಆದರೆ ಆ ವರ್ಷ ಕೊಟ್ಟೂರಿನಲ್ಲಿ ಹೆದರಿದಷ್ಟು ನಾನು ಇನ್ನೆಲ್ಲೂ ಹೆದರಿಲ್ಲ.

ಆಗ ನಾವು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದು ತಾಲ್ಲೂಕುಗಳಲ್ಲಿ ಒಂದು ಅಧ್ಯಯನ ನಡೆಸುತ್ತಿದ್ದೆವು. ಅದಕ್ಕೆ ಎರಡು ಭಾಗ. ಮೊದಲನೆಯದು ಹುಳುಕು ಹಲ್ಲಿನದು. ಊರೂರಿಗೆ ಹೋಗಿ ಶಿಬಿರ ಹಾಕಿ, ಬಾಯಿ ತೆರೆಸಿ, ಎಲ್ಲಿ ಎಷ್ಟು ಹುಳುಕು ಹಿಡಿದಿದೆ ಎಂದು ನೋಡುವುದು. ಎರಡನೆಯದು ಒಸಡಿನ ಅಂದಕ್ಕೆ ಸಂಬಂಧಿಸಿದ್ದು. ನಮ್ಮ ಕಡೆ ಬಹಳ ಜನರ ಒಸಡು ಹುಟ್ಟಿನಿಂದಲೇ ಕಪ್ಪು. ಅದು ರೋಗವಲ್ಲ, ಮೈಬಣ್ಣದ ಹಾಗೆ. ಆದರೂ ಬೇಡವೆನ್ನುವವರಿಗೆ ಮೇಲಿನ ತೆಳುವಾದ ಪದರವನ್ನು ತೆಗೆದರೆ ಅಡಿಯಿಂದ ಗುಲಾಬಿ ಬಣ್ಣದ ಹೊಸ ಚರ್ಮ ಬರುತ್ತದೆ. ಒಬ್ಬರದೇ ಬಾಯಿಯಲ್ಲಿ ಬಲಗಡೆ ಬ್ಲೇಡಿನಿಂದ, ಎಡಗಡೆ ಲೇಸರ್‌ನಿಂದ ತೆಗೆದು, ನೋವು ಎಲ್ಲಿ ಕಡಿಮೆ, ಗಾಯ ಎಲ್ಲಿ ಬೇಗ ಮಾಯುತ್ತದೆ ಎಂದು ಹೋಲಿಸುವುದು ನನ್ನ ಪಾಲಿನ ಕೆಲಸ. ಕೊಟ್ಟೂರಿನಲ್ಲಿ ಒಂದು ಕ್ಲಿನಿಕ್ಕನ್ನು ಇದಕ್ಕೆಂದೇ ಹಿಡಿದಿದ್ದೆವು. ನನ್ನ ಮಾರ್ಗದರ್ಶಕರು, ಹಿರಿಯ ಸರ್, ದಾವಣಗೆರೆಯಲ್ಲಿ ಕೂತು ಫೋನಿನಲ್ಲೇ ಕಾವಲು ಕಾಯುತ್ತಿದ್ದರು.

ಆ ಹುಡುಗಿ ಬಂದದ್ದು ಹುಳುಕಿಗೆ. ಕೊಟ್ಟೂರಿನವಳೇ. ಅಪ್ಪ ಲಾರಿ ಮೆಕ್ಯಾನಿಕ್, ಈಕೆ ಸೊಸೈಟಿಯೊಂದರ ಕೌಂಟರಿನಲ್ಲಿ ಕೆಲಸಕ್ಕಿದ್ದಳು. ಮೇಲಿನ ಸಾಲಿನಲ್ಲಿ ಎಡಗಡೆ, ಮುಂದಿನ ದೊಡ್ಡ ಹಲ್ಲಿನ ಪಕ್ಕದ್ದು, ಒಸಡಿನ ಅಂಚಿನಲ್ಲಿ ಹುಳುಕಾಗಿತ್ತು. ಕೊರೆದು ಸ್ವಚ್ಛ ಮಾಡಿ ಹಲ್ಲಿನ ಬಣ್ಣದ್ದೇ ಫಿಲ್ಲಿಂಗ್ ತುಂಬಿದೆ. ಕನ್ನಡಿ ಹಿಡಿದು ನೋಡಿಕೊಂಡಳು.

"ಹಲ್ಲೇನೋ ಚಂದ ಆತ್ರಿ ಮೇಡಂ. ಒಸಡಿಗೆ ಏನರ ಐತೇನ್ರಿ?"

"ಕಪ್ಪು ಒಸಡು ರೋಗ ಅಲ್ಲಮ್ಮ. ಹಂಗೇ ಇದ್ರೂ ಏನೂ ಆಗಲ್ಲ" ಎಂದೆ. ಇದನ್ನು ಎಲ್ಲರಿಗೂ ಮೊದಲು ಹೇಳಲೇಬೇಕು.

"ಗೊತ್ತೈತ್ರಿ. ಆದ್ರ ನಾ ನಕ್ಕ ಕೂಡ್ಲೆ ಎದುರಿಗಿದ್ದೋರ ಕಣ್ಣು ನನ್ನ ಬಾಯಾಗ ಇಳಿತಾವ. ಮದುವಿ ಗೊತ್ತಾಗೈತ್ರಿ. ಒಂದ ಫೋಟೊದಾಗರ ಬಾಯಿ ತುಂಬ ನಗಬೇಕಂತ ಆಸಿ."

ಅಧ್ಯಯನದ ವಿಷಯ ಹೇಳಿದೆ. ಅವಳು ಎಲ್ಲ ಕೇಳಿ, ಅಪ್ಪನಿಗೂ ಕೇಳಿಸಿ, ಒಪ್ಪಿಕೊಂಡಳು. ಫಿಲ್ಲಿಂಗ್ ಮಾಡಿದ ಕಡೆ ಒಸಡಿನ ಊತ ಇಳಿದ ಮೇಲೆ ದಿನ ಗೊತ್ತು ಮಾಡಿದೆವು.

ಅವತ್ತು ಅವಳ ಜೊತೆ ಅಪ್ಪನ ತಾಯಿ ಬಂದಿದ್ದರು. ತಲೆ ಮೇಲೆ ಸೆರಗು, ಕೈಯಲ್ಲಿ ಜಪಮಣಿ. ಮೂಲೆಯ ಸ್ಟೂಲಿನ ಮೇಲೆ ಕೂತು ನನ್ನ ಕೈಯನ್ನೇ ನೋಡುತ್ತಿದ್ದರು. ಬಲಗಡೆ ಬ್ಲೇಡಿನ ಕೆಲಸ ಸಲೀಸಾಗಿ ಮುಗಿಯಿತು. ಎಡಗಡೆ ಲೇಸರ್ ಹಿಡಿದಾಗ ಕರೆಂಟು ಒಂದು ಸಲ ಹೋಗಿ ಬಂದು ಆಟ ಆಡಿಸಿತು. ಮಷಿನ್ ಆರಿತು, ಮತ್ತೆ ಹತ್ತಿತು. ಶಕ್ತಿಯ ಅಂಕಿ ಸರಿಯಿದೆಯೇ ಎಂದು ನೋಡಿಕೊಂಡೇ ಮುಂದುವರಿಸಿದೆ. ಆದರೂ ಮನಸ್ಸಿನಲ್ಲಿ ಅನುಮಾನದ ಒಂದು ಚುಕ್ಕೆ ಉಳಿಯಿತು. ಎರಡೂ ಕಡೆ ಗಾಯದ ಮೇಲೆ ಗುಲಾಬಿ ಬಣ್ಣದ ಪ್ಯಾಕ್ ಮೆತ್ತಿದೆ. ಅದು ಚಪಾತಿ ಹಿಟ್ಟಿನ ಹಾಗಿದ್ದು ಆಮೇಲೆ ಗಟ್ಟಿಯಾಗಿ ಗಾಯವನ್ನು ಮುಚ್ಚಿಡುತ್ತದೆ.

ಆಮೇಲೆ ನನ್ನ ಮಾಮೂಲಿ ಮಂತ್ರ. ಬಿಸಿ ಬೇಡ, ಖಾರ ಬೇಡ, ಮಂಡಕ್ಕಿ ಮೆಣಸಿನಕಾಯಿ ಕಡೆ ತಿರುಗಿಯೂ ನೋಡಬೇಡ, ಬ್ರಷ್ ತಾಗಿಸಬೇಡ. ಹಲ್ಲುಪುಡಿ, ಇದ್ದಿಲು, ಉಪ್ಪು, ಹೊಗೆಸೊಪ್ಪು, ಸುಣ್ಣ, ಅರಿಷಿಣ, ಯಾವ ಪುಡಿಯನ್ನೂ ಯಾವ ಔಷಧಿಯನ್ನೂ ಹಚ್ಚಬೇಡ. ಈ ಪಟ್ಟಿಯ ಪ್ರತಿಯೊಂದನ್ನೂ ಈ ಐದು ತಾಲ್ಲೂಕುಗಳ ಬಾಯಿಗಳಲ್ಲಿ ಕಂಡೇ ಕಲಿತದ್ದು. ಒಂದೊಂದು ಹೆಸರಿಗೂ ಅಜ್ಜಿ "ಹೌದವ್ವ, ಹೌದವ್ವ" ಎಂದು ತಲೆ ಆಡಿಸಿದರು.

ಕೆಲವು ದಿನ ಕಳೆದು ನಾನು ಹೊಸಹಳ್ಳಿಯ ಶಿಬಿರದಲ್ಲಿದ್ದಾಗ ಹುಡುಗಿ ಫೋನ್ ಮಾಡಿದಳು. ಊಟ ಮಾಡುವಾಗ ಎಡಗಡೆಯ ಪ್ಯಾಕ್ ಕಿತ್ತು ಬಂದಿದೆಯಂತೆ. ಇದು ಆಗುವಂಥದ್ದೇ. ಉಪ್ಪುನೀರು ಮುಕ್ಕಳಿಸಿಕೊಂಡಿರು, ನಾನು ಬಂದ ಕೂಡಲೇ ನೋಡುತ್ತೇನೆ ಎಂದೆ. ಅವಳ ದನಿಯಲ್ಲಿ ಹೆದರಿಕೆ ಇರಲಿಲ್ಲ. ನನಗೂ ಇರಲಿಲ್ಲ.

ಕೊಟ್ಟೂರಿಗೆ ಮರಳಿದ ದಿನ ಅವಳು, ಅಪ್ಪ, ಅಜ್ಜಿ ಮೂವರೂ ಬಂದು ಕೂತಿದ್ದರು. ಹುಡುಗಿ ಕುರ್ಚಿಯ ಮೇಲೆ ಒರಗಿದಳು. ನಾನು ಮೇಲಿನ ತುಟಿ ಎತ್ತಿದೆ.

ಎಡಗಡೆಯ ಒಸಡು ಕರ್ರಗಾಗಿತ್ತು. ಮೊದಲಿನ ಕಪ್ಪಲ್ಲ ಅದು. ಮೊದಲಿನದು ಕಂದು ಬೆರೆತ, ನುಣುಪಾದ, ಜೀವ ಇರುವ ಕಪ್ಪು. ಇದು ತವದ ತಳದ ಹಾಗೆ ಒಣಗಿದ, ಹಕ್ಕಳೆಗಟ್ಟಿದ ಕಪ್ಪು. ಅಂಚಿನಲ್ಲಿ ಬೂದಿ ಬಣ್ಣ. ಗ್ಲೌಸಿನೊಳಗೆ ಬೆರಳು ಬೆವರಿ ಜಾರುತ್ತಿತ್ತು. ಕೊಳೆತ ವಾಸನೆ ಬಂದಂತಾಯಿತು. ಮತ್ತೆ ಮೂಗು ಒಡ್ಡಿದೆ, ಇರಲಿಲ್ಲ. ಹೆದರಿದವರ ಮೂಗನ್ನು ನಂಬಬಾರದು.

ನಾನು ಏನು ಅಂದುಕೊಂಡೆ ಎಂದು ಹೇಳಬೇಕು. ಮುಂದಿನ ಹಲ್ಲುಗಳ ಮೇಲಿನ ಒಸಡು ಈರುಳ್ಳಿ ಸಿಪ್ಪೆಯಷ್ಟು ತೆಳು. ಅದರ ಕೆಳಗೆ ಎಲುಬು. ಲೇಸರಿನ ಶಾಖ ಹೆಚ್ಚಾದರೆ ಒಸಡು ಸಾಯುತ್ತದೆ, ಇನ್ನೂ ಹೆಚ್ಚಾದರೆ ಎಲುಬೂ ಸಾಯುತ್ತದೆ. ಎಲುಬು ಸತ್ತರೆ ಅದು ಹಿಡಿದುಕೊಂಡಿರುವ ಹಲ್ಲುಗಳೂ ಹೋಗುತ್ತವೆ. ಬ್ಲೇಡಿನ ಬಲಗಡೆಯ ಪ್ಯಾಕ್ ತೆಗೆದು ನೋಡಿದೆ. ಅಲ್ಲಿ ಎಳೆಮಗುವಿನ ಒಸಡಿನಂತೆ ಗುಲಾಬಿ. ಕಪ್ಪು ಇದ್ದದ್ದು ಲೇಸರ್ ಹಿಡಿದ ಕಡೆ ಮಾತ್ರ. ಆಟ ಆಡಿಸಿದ ಕರೆಂಟು ನೆನಪಾಯಿತು. ಮದುವೆಯ ಮೊದಲು ಹುಡುಗಿಯ ಮುಂದಿನ ಹಲ್ಲು ಕಳೆದ ಡಾಕ್ಟರ್ ನಾನೇ ಎಂದು ಖಾತ್ರಿಯಾಯಿತು.

ಫೋಟೊ ತೆಗೆದು ಸರ್‌ಗೆ ಕಳಿಸಿದೆ. ಆಚೆ ಕೋಣೆಗೆ ಹೋಗಿ ಫೋನ್ ಎತ್ತಿದೆ.

"ಸತ್ತ ಭಾಗ ಅದು" ಎಂದರು. ಅವರು ದನಿ ಏರಿಸುವವರಲ್ಲ, ಅವತ್ತು ಇನ್ನೂ ತಗ್ಗಿಸಿದರು. "ತಡ ಮಾಡಬೇಡ. ಕೆರೆದು ತೆಗೆದುಬಿಡು, ಸೋಂಕು ಎಲುಬಿಗೆ ಇಳಿಯುವ ಮೊದಲು. ಮತ್ತೆ ಆ ಲೇಸರ್ ಮುಟ್ಟಬೇಡ. ಅಧ್ಯಯನದ ಸಮಿತಿಗೆ ಇವತ್ತೇ ತಿಳಿಸೋಣ."

ಲೇಸರಿಗೆ ಸರದಿಯಲ್ಲಿದ್ದ ಉಳಿದವರಿಗೆಲ್ಲ ಬರಬೇಡಿ ಎಂದು ಹೇಳಿಸಿದೆ. ಆಮೇಲೆ ಅಪ್ಪನನ್ನು ಪಕ್ಕಕ್ಕೆ ಕರೆದು, ಸ್ವಲ್ಪ ಒಸಡು ಸತ್ತಿರಬಹುದು, ತೆಗೆಯಬೇಕಾಗಬಹುದು ಎಂದೆ.

"ಸತ್ತೈತಿ ಅಂದ್ರ ಏನ್ರಿ ಮೇಡಂ? ಮನಶಾ ಬದುಕಿದ್ದಾಗ ಒಸಡ ಹೆಂಗ ಸಾಯ್ತತ್ರಿ?" ಗ್ರೀಸು ಹಿಡಿದ ಉಗುರುಗಳನ್ನು ಒಂದಕ್ಕೊಂದು ತೀಡುತ್ತ ಕೇಳಿದರು. "ತಗದ್ರ ಮತ್ತ ಬೆಳಿತೈತಲ್ರಿ?"

"ಹಲ್ಲಿನ ಮೇಲಿಂದು ಒಂದಷ್ಟು ಬರುತ್ತೆ. ಎರಡು ಹಲ್ಲಿನ ನಡುವೆ ಒಸಡಿನ ತ್ರಿಕೋನ ಇರುತ್ತಲ್ಲ, ಅದು ಹೋದರೆ ಬರೋದು ಬಹಳ ಕಷ್ಟ. ಸಂದಿ ಕಪ್ಪಗೆ ಕಾಣುತ್ತೆ. ಬೇರೂ ಕಾಣುತ್ತೆ."

ಅವರು ಮಗಳಿದ್ದ ಕೋಣೆಯ ಕಡೆ ತಿರುಗಿದರು. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಒಳಗೆ ಬಂದು ಕೆರೆಯುವ ಉಪಕರಣ ಕೈಗೆತ್ತಿಕೊಂಡೆ. ಹತ್ತಿಯಿಂದ ಹಲ್ಲು ಒಸಡು ಎರಡನ್ನೂ ಒಣಗಿಸಿ ದೀಪ ಹತ್ತಿರ ಎಳೆದೆ. ಕಿರುಬೆರಳನ್ನು ಅವಳ ಗಲ್ಲಕ್ಕೆ ಆನಿಸಿ ಹಿಡಿದೆ. ಎಲ್ಲಿಂದ ಶುರು ಮಾಡಲಿ ಎಂದು ಅಂಚು ಹುಡುಕುವಾಗ ನಾನೇ ಮಾಡಿದ ಫಿಲ್ಲಿಂಗ್ ಕಣ್ಣಿಗೆ ಬಿತ್ತು. ಅದರ ಮೇಲೂ ಕಪ್ಪು. ಫಿಲ್ಲಿಂಗ್ ಮತ್ತು ಹಲ್ಲು ಸೇರುವ ಗೆರೆಯುದ್ದಕ್ಕೂ ಕಪ್ಪು ಕೂತಿತ್ತು.

ಒಸಡು ಸಾಯಬಹುದು, ಎಲುಬು ಸಾಯಬಹುದು. ಫಿಲ್ಲಿಂಗ್ ಹೇಗೆ ಸಾಯುತ್ತದೆ? ಅದಕ್ಕೆ ಜೀವವೇ ಇಲ್ಲ. ಈ ಕಪ್ಪು ಒಳಗಿನಿಂದ ಬಂದದ್ದಲ್ಲ, ಹೊರಗಿನಿಂದ ಬಂದು ಕೂತದ್ದು. ಉಪಕರಣವನ್ನು ಟ್ರೇಗೆ ಇಟ್ಟೆ. ಅದು ಠಣ್ಣೆಂದದ್ದಕ್ಕೇ ಬೆಚ್ಚಿದೆ.

"ಏನ್ ಹಚ್ಚಿದಿರಿ ಇದಕ್ಕೆ? ನಿಜ ಹೇಳ್ರಿ."

ಹುಡುಗಿ ಅಜ್ಜಿಯ ಕಡೆ ನೋಡಿದಳು.

"ಏನೂ ಹಚ್ಚಬ್ಯಾಡ ಅಂದಿದ್ರಿ, ಏನೂ ಹಚ್ಚಿಲ್ಲವ್ವ" ಎಂದರು ಅಜ್ಜಿ. "ಮಿಸ್ಸಿ ಒಂದ ಇಟ್ಟೀನಿ."

ಮಿಸ್ಸಿ! ಹಲ್ಲಿಗೂ ಒಸಡಿಗೂ ತೀಡುವ ಕಪ್ಪು ಪುಡಿ ಎಂದು ಓದಿದ್ದೆ, ಕೆಲವು ಮುದುಕಿಯರ ಬಾಯಲ್ಲಿ ಅದರ ಹಳೆಯ ಗುರುತನ್ನೂ ಕಂಡಿದ್ದೆ. ಈಗಲೂ ಯಾರಾದರೂ ಅರೆದು ಇಟ್ಟುಕೊಳ್ಳುತ್ತಾರೆ ಎಂದು ತಿಳಿದಿರಲಿಲ್ಲ.

"ಯಾವ ಪುಡೀನೂ ಬೇಡ ಅಂತ ಬಡ್ಕೊಂಡೆನಲ್ಲಮ್ಮ!" ನನ್ನ ಹೆದರಿಕೆಯೆಲ್ಲ ಸಿಟ್ಟಾಗಿ ಹೊರಗೆ ಬಂತು.

"ಮಿಸ್ಸಿ ಪುಡಿ ಹೆಂಗಾಕ್ಕೈತವ್ವ?" ಅವರಿಗೆ ನಿಜವಾಗಿಯೂ ಆಶ್ಚರ್ಯ. "ಅದು ಮದುಮಗಳ ಸಿಂಗಾರ. ಮೆಹಂದಿ ಇಟ್ಟಂಗ, ಬಳಿ ಇಟ್ಟಂಗ. ಮೆಹಂದಿ ಇಟ್ರ ಔಷಧ ಹಚ್ಚಿದ್ರು ಅಂತಾರೇನು? ನಮ್ಮವ್ವ ನನಗಿಟ್ಲು, ನಾ ನನ್ನ ಸೊಸಿಗಿಟ್ಟೆ. ಮಿಸ್ಸಿ ಇಲ್ಲದ ಮದುಮಗಳದು ಬೋಳು ಬಾಯಿ. ಆ ಪ್ಯಾಕು ಕಿತ್ತ ಕಡೆ ಈಕಿ ಒಸಡ ನೋಡಿದ್ರ ಕೆಂಪಗ ಹಸಿ ಆಗಿತ್ತು. ದಿನಾನೂ ಚಲೋ ಇತ್ತು. ಸಿಂಗಾರನೂ ಆಗ್ಲಿ, ಒಸಡನೂ ಗಟ್ಟಿ ಆಗ್ಲಿ ಅಂತ ಇಟ್ಟೆ."

"ಶಾಸ್ತ್ರಕ್ಕ ಒಂದ ಬೆರಳು ಅಂದ್ಲು ರಿ" ಎಂದಳು ಹುಡುಗಿ. "ಭಾಳ ಉರೀತು. ನಿಮಗ ಹೇಳಿದ್ರ ಅಕಿಗೆ ಬೈತೀರಿ ಅಂತ ಸುಮ್ಮನಿದ್ದೆ."

ಅಜ್ಜಿ ಬಾಯಿ ತೆರೆದು ತಮ್ಮ ಹಲ್ಲು ತೋರಿಸಿದರು. ಒಸಡೆಲ್ಲ ನೀಲಿಗಪ್ಪು, ಹಲ್ಲಿನ ಸಂದಿಗಳಲ್ಲಿ ಕಪ್ಪು ಗೆರೆ. ಆ ವಯಸ್ಸಿಗೆ ಒಂದೂ ಹುಳುಕಿಲ್ಲ. ಬೇರೆ ದಿನವಾಗಿದ್ದರೆ ಕೂಡಿಸಿಕೊಂಡು ಒಂದೊಂದೇ ಹಲ್ಲು ಪರೀಕ್ಷೆ ಮಾಡುತ್ತಿದ್ದೆ. ಅವತ್ತು ಅದರಲ್ಲಿ ಏನೇನು ಹಾಕಿದ್ದೀರಿ ಎಂದಷ್ಟೇ ಕೇಳಿದೆ. ಅಳಲೆಕಾಯಿ, ಕಬ್ಬಿಣದ ರಜ, ಲವಂಗ, ಮೈಲುತುತ್ತ ಎಂದರು.

ಮೈಲುತುತ್ತ ಎಂದ ಕೂಡಲೇ ಬಂದಿದ್ದ ಸಮಾಧಾನ ಮತ್ತೆ ಹಾರಿಹೋಯಿತು. ದಾಳಿಂಬೆ ತೋಟದವರು ಸುಣ್ಣದ ಜೊತೆ ಕಲಸಿ ಗಿಡಕ್ಕೆ ಹೊಡೆಯುವ ನೀಲಿ ಹರಳು ಅದು. ಗಟ್ಟಿ ಒಸಡಿಗೆ ಚೂರು ತಾಗಿದರೆ ಒಗರು ಅಷ್ಟೆ. ಮೇಲ್ಪದರವೇ ಇಲ್ಲದ ಹಸಿ ಗಾಯದಲ್ಲಿ ಅದು ಸುಡುತ್ತದೆ. ಆ ಕಪ್ಪು ಬರೀ ಬಣ್ಣವಿರಬಹುದು. ಬಣ್ಣದ ಅಡಿಯಲ್ಲಿ ಸುಟ್ಟು ಸತ್ತ ಒಸಡೂ ಇರಬಹುದು. ಮೇಲಿನಿಂದ ನೋಡಿದರೆ ಎರಡೂ ಒಂದೇ.

ಸರ್‌ಗೆ ಮತ್ತೆ ಫೋನ್ ಮಾಡಿದೆ. "ಮೈಲುತುತ್ತ ಅಂದರೆ ಸುಟ್ಟಿರೋ ಸಾಧ್ಯತೆಯೇ ಹೆಚ್ಚು. ನಾನಾದರೆ ತೆಗೀತೀನಿ. ಆದರೆ ಬಾಯಿ ನೋಡ್ತಿರೋಳು ನೀನು, ನಿರ್ಧಾರ ನಿನ್ನದು" ಎಂದರು.

ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯ ಪಾಡು ನನ್ನದಾಯಿತು. ಕೆರೆದರೆ, ಅಡಿಯಲ್ಲಿ ಜೀವ ಇದ್ದರೂ ಆ ಸಿಪ್ಪೆಯಷ್ಟು ತೆಳುವಾದ ಒಸಡು ನನ್ನ ಕೈಯಿಂದಲೇ ಹೋಗುತ್ತದೆ, ತ್ರಿಕೋನಗಳೂ ಹೋಗುತ್ತವೆ. ಬಿಟ್ಟರೆ, ಸತ್ತದ್ದು ಒಳಗೇ ಕೊಳೆತು ಎಲುಬಿಗೆ ಇಳಿಯಬಹುದು. ಪುಕ್ಕಲರಿಗೆ ಇಂಥ ಹೊತ್ತಿನಲ್ಲಿ ಏನಾದರೂ ಮಾಡಿಬಿಡುವುದೇ ಸುಲಭ. ಹಿರಿಯರು ಹೇಳಿದರು, ಮಾಡಿದೆ ಎಂದು ಕೈ ತೊಳೆದುಕೊಳ್ಳಬಹುದು. ನಾನು ಕೆರೆಯಲಿಲ್ಲ. ಧೈರ್ಯದಿಂದ ಎಂದು ಯಾರೂ ತಿಳಿಯಬೇಡಿ. ತೆಗೆದ ಮೇಲೆ ಅದು ಜೀವಂತವಿತ್ತು ಎಂದು ಗೊತ್ತಾಗುವುದಕ್ಕೆ ನಾನು ಇನ್ನೂ ಹೆಚ್ಚು ಹೆದರಿದೆ.

ಹುಡುಗಿಗೆ ಎಲ್ಲವನ್ನೂ ಬಿಡಿಸಿ ಹೇಳಿ, ಕಾಯೋಣವೇ ಎಂದು ಕೇಳಿದೆ. "ನಿಮಗ ಹೆಂಗ ಅನಸ್ತೈತ್ರಿ?" ಎಂದಳು.

"ನನಗೆ ಹೆದರಿಕೆ ಅನ್ನಿಸ್ತೈತೆ" ಎಂದುಬಿಟ್ಟೆ.

"ನನಗೂ ರಿ" ಎಂದಳು. "ಕಾಯೋಣ್ರಿ."

ಸಲೈನಿನಿಂದ ಮೆತ್ತಗೆ ತೊಳೆದೆ. ಉಜ್ಜಲಿಲ್ಲ. ಸೋಂಕು ತಡೆಯುವ ಮಾತ್ರೆ ಕೊಟ್ಟು, ಎಡಗಡೆಗೆ ಏನೂ ತಾಗದಂತೆ ಗಂಜಿ ಕುಡಿಯಲು ಹೇಳಿದೆ. ಜ್ವರ ಬಂದರೆ, ಮುಖ ಊದಿದರೆ, ಬಾಯಿ ನಾರಿದರೆ, ಹಲ್ಲು ಅಲುಗಿದರೆ, ಈ ನಾಲ್ಕರಲ್ಲಿ ಒಂದಾದರೂ ಆ ಕ್ಷಣವೇ ಕೆರೆಯುವುದು ಎಂದು ಸರ್ ಜೊತೆ ಮಾತಾಯಿತು. ಹಡಗಲಿಯ ಶಿಬಿರವನ್ನು ಬೇರೆಯವರಿಗೆ ಒಪ್ಪಿಸಿ ನಾನು ಕೊಟ್ಟೂರಿನಲ್ಲೇ ಉಳಿದೆ.

ಬೆಳಿಗ್ಗೆ ಸಂಜೆ ಅವರ ಮನೆಗೇ ಹೋಗಿ ತೊಳೆಯುತ್ತಿದ್ದೆ. ಮುಂದೆ ಗ್ಯಾರೇಜು, ಅದರ ಹಿಂದೆ ಮನೆ. ಅಂಗಳದಲ್ಲಿ ಬಟ್ಟೆ ಹೊಲಿಯುವ ಸದ್ದು, ಬಂದು ಹೋಗುವ ನೆಂಟರು. ಎಲ್ಲರಿಗೂ "ಹಲ್ಲಿನ ಡಾಕ್ಟರಮ್ಮ, ಮದುವಿಗೆ ಹಲ್ಲು ಹೊಳಪು ಮಾಡಾಕ ಬರ್ತಾರ" ಎಂದು ಹೇಳಿದ್ದರಂತೆ. ನಾನು ಹೊಸಿಲು ದಾಟುವ ಮೊದಲು ಬಾಗಿಲಲ್ಲೇ ನಿಂತು ಅವಳ ಮುಖ ಎರಡೂ ಕಡೆ ಸಮ ಇದೆಯೇ ಎಂದು ನೋಡುತ್ತಿದ್ದೆ. ಹಣೆ ಮುಟ್ಟುತ್ತಿದ್ದೆ. ಬಾಯಿಯ ಹತ್ತಿರ ಮೂಗು ಒಯ್ಯುತ್ತಿದ್ದೆ. ಹಲ್ಲನ್ನು ಎರಡು ಉಪಕರಣಗಳ ಹಿಡಿಗಳ ನಡುವೆ ಹಿಡಿದು ಅಲುಗಿಸುವಾಗ ಪ್ರತಿ ಸಲವೂ ಅಲುಗಿತು ಎಂದೇ ಅನ್ನಿಸುತ್ತಿತ್ತು. ಅಲುಗುತ್ತಿದ್ದದ್ದು ನನ್ನ ಕೈ.

ಅಜ್ಜಿ ಊಟ ಬಿಟ್ಟಿದ್ದರು. ಒಂದು ಸಂಜೆ ನನ್ನ ಕೈ ಹಿಡಿದುಕೊಂಡು, "ಈ ಕೈ ಮುರದು ಬೀಳ್ಲಿ ಬೇಟಿ. ಮದುಮಗಳಿಗೆ ಚಲೋ ಮಾಡಾಕ ಹೋಗಿ ಬಾಯಿನ ಸುಟ್ಟೆ" ಎಂದು ಅತ್ತರು. ನನಗೆ ಅವರ ಮೇಲಿದ್ದ ಸಿಟ್ಟು ಇಳಿಯಿತು. ಒಸಡಿನ ಅಂದಕ್ಕೆಂದು ಅವರೂ ಬಣ್ಣ ಹಚ್ಚಿದ್ದರು, ನಾನೂ ಬಣ್ಣ ತೆಗೆದಿದ್ದೆ. ಇಬ್ಬರೂ ಕೂಡಿ ಆ ಹುಡುಗಿಯನ್ನು ಗಂಜಿಯ ಮೇಲೆ ಕೂರಿಸಿದ್ದೆವು. "ನಾಳೆ ಕ್ಲಿನಿಕ್ಕಿಗೆ ಬರ್ರಿ, ಅಂಚು ಎದ್ದೈತೆ, ತೆಗೆದು ನೋಡೋಣ" ಎಂದೆ.

ಬೆಳಿಗ್ಗೆ ಮೂವರೂ ಬಂದರು. ಅಪ್ಪ ಬಾಗಿಲ ಹೊರಗೇ ನಿಂತರು. ಮರಗಟ್ಟಿಸುವ ಇಂಜೆಕ್ಷನ್ ಕೊಡುವುದಿಲ್ಲ ಎಂದು ಹುಡುಗಿಗೆ ಹೇಳಿದೆ. ಆ ಔಷಧಿ ರಕ್ತನಾಳಗಳನ್ನು ಬಿಗಿಯುತ್ತದೆ. ಒಸಡಿಗೆ ಜೀವ ಇದೆಯೇ ಎಂದು ತಿಳಿಯಲು ಇರುವುದು ಎರಡೇ ಸಾಕ್ಷಿ, ನೋವು ಮತ್ತು ರಕ್ತ. ಇಂಜೆಕ್ಷನ್ ಎರಡನ್ನೂ ಮುಚ್ಚಿಹಾಕುತ್ತದೆ.

"ನೋವಾದ್ರೆ ಕೈ ಎತ್ತು" ಎಂದೆ.

ಸಲೈನ್ ಹನಿಸುತ್ತ ಹೋದೆ. ಎದ್ದಿದ್ದ ಅಂಚಿನಿಂದ ಕಪ್ಪು ಹಕ್ಕಳೆ ತಾನಾಗಿಯೇ ಬಿಟ್ಟುಕೊಂಡು, ಹಾಲಿನ ಕೆನೆ ಸರಿದಂತೆ ಸರಿಯಿತು. ಚಿಮಟದಿಂದ ಎತ್ತಿ ಟ್ರೇಗೆ ಹಾಕಿದೆ. ಅಡಿಯಲ್ಲಿ ಗುಲಾಬಿ. ದೊಡ್ಡ ಹಲ್ಲಿನ ಮೇಲೆ ಗುಲಾಬಿ. ಕೋರೆಹಲ್ಲಿನ ಮೇಲೆ ಗುಲಾಬಿ. ಉಸಿರು ಬಿಡಬೇಕು ಅನ್ನುವಷ್ಟರಲ್ಲಿ ಫಿಲ್ಲಿಂಗ್ ಇದ್ದ ಹಲ್ಲಿನ ಪಕ್ಕದ ತ್ರಿಕೋನ ಕಂಡಿತು. ಅದು ಬಿಳಚಿಕೊಂಡಿತ್ತು. ಮಿಸ್ಸಿ ಎಲ್ಲಕ್ಕಿಂತ ಹೆಚ್ಚು ಕೂತಿದ್ದ ಸಂದಿ ಅದು.

ಮೊಂಡು ತುದಿಯ ಕಡ್ಡಿಯಿಂದ ಮುಟ್ಟಿದೆ. ಅವಳ ಕೈ ಏಳಲಿಲ್ಲ. ರಕ್ತವೂ ಬರಲಿಲ್ಲ.

"ಏನರ ಗೊತ್ತಾತೇನಮ್ಮ?"

ಇಲ್ಲವೆಂದು ಕಣ್ಣಿನಲ್ಲೇ ಹೇಳಿದಳು. ಅವಳ ಕಣ್ಣು ನನ್ನ ಮುಖವನ್ನೇ ಓದುತ್ತಿತ್ತು. ಮಾಸ್ಕ್ ಇದ್ದದ್ದು ಪುಣ್ಯ. ಮೇಲೆ ಅಂಟಿದ್ದ ಬಿಳಿ ಪೊರೆಯನ್ನು ನೆನೆಸಿದ ಹತ್ತಿಯಿಂದ ಒತ್ತಿ, ಎತ್ತಿದೆ. ಒಂದು ಚೂರು ಪೊರೆ ಹತ್ತಿಗೆ ಅಂಟಿ ಬಂತು. ಕಡ್ಡಿಯನ್ನು ತ್ರಿಕೋನದ ಬುಡಕ್ಕೆ ಇಟ್ಟು, ಎರಡನೇ ಸಲ, ಸ್ವಲ್ಪ ಬಲ ಹಾಕಿ ಒತ್ತಿದೆ.

ಅವಳ ಕೈ ಸರಕ್ಕನೆ ಮೇಲೆದ್ದು ನನ್ನ ಮೊಣಕೈಗೆ ಬಡಿಯಿತು. ಕಡ್ಡಿ ತೆಗೆದೆ. ತೆಗೆದ ಜಾಗದಲ್ಲಿ ಸಾಸಿವೆ ಕಾಳಿನಷ್ಟು ಕೆಂಪು ಮೂಡಿತು, ದುಂಡಗಾಯಿತು, ಫಿಲ್ಲಿಂಗ್ ಮೇಲೆ ಇಳಿಯಿತು.

"ಯಾ ಅಲ್ಲಾ, ರಕ್ತ!" ಅಜ್ಜಿ ಸ್ಟೂಲಿನಿಂದ ಎದ್ದು ಬಂದರು. "ಒರಸವ್ವ, ಲಗೂನ ಒರಸು!"

ಹತ್ತಿ ನನ್ನ ಕೈಯಲ್ಲೇ ಇತ್ತು. ಕಣ್ಣು ಮಂಜಾಗಿ ದೀಪ ಎರಡೆರಡಾಗಿ ಕಾಣುತ್ತಿತ್ತು.

"ಇರ್ಲಿ ಅಮ್ಮ" ಎಂದೆ. "ಇನ್ನೂ ಸ್ವಲ್ಪ ಹರೀಲಿ."